ಬೀಗದ ಹಿಂದೆ ನಮ್ಮವರಿದ್ದರೆ ನೋಡುವವರು ಯಾರು?

ಡೆಟ್ರಾಯಿಟ್ ಕಡೆ ಮಗನ ಮನೆಗೋ ಮಗಳ ಬಾಣಂತನಕ್ಕೋ ಬಂದು ಆರು ತಿಂಗಳು ಇದ್ದು ಹೋದವರಿಗೆ ಫಾರ್ಮಿಂಗ್ಟನ್ ಹಿಲ್ಸ್ ಹೊಸ ಹೆಸರಲ್ಲ. ನೋವೈ, ಟ್ರಾಯ್, ಕ್ಯಾಂಟನ್‌ಗಳಂತೆ ಅದೂ ಭಾರತೀಯರು ಹೆಚ್ಚಾಗಿ ಮನೆ ಮಾಡಿರುವ ಉಪನಗರ. ಅಲ್ಲಿನ ನಾರ್ತ್‌ವೆಸ್ಟರ್ನ್ ಹೆದ್ದಾರಿಯ ಬದಿಯ ಕಚೇರಿ ಕಟ್ಟಡವೊಂದರಲ್ಲಿ 2015ರಿಂದ ಒಂದು ವಿಶ್ವವಿದ್ಯಾಲಯವಿತ್ತು. ಹೆಸರು ಯೂನಿವರ್ಸಿಟಿ ಆಫ್ ಫಾರ್ಮಿಂಗ್ಟನ್. ಅದಕ್ಕೆ ವೆಬ್‌ಸೈಟ್ ಇತ್ತು, ಲಾಂಛನ ಇತ್ತು, ವಿದೇಶಿ ವಿದ್ಯಾರ್ಥಿಗಳನ್ನು ಸೇರಿಸಿಕೊಳ್ಳಬಹುದು ಎಂಬ ಸರ್ಕಾರಿ ಪಟ್ಟಿಯಲ್ಲಿ ಹೆಸರೂ ಇತ್ತು. ಇಲ್ಲದ್ದು ಮೇಷ್ಟ್ರು ಮತ್ತು ಪಾಠ. ಅದನ್ನು ನಡೆಸುತ್ತಿದ್ದವರು ಅಮೆರಿಕದ ವಲಸೆ ಜಾರಿ ಇಲಾಖೆಯ ವೇಷ ಮರೆಸಿದ ಅಧಿಕಾರಿಗಳು. ಇಲ್ಲಿ ಎಲ್ಲರ ಬಾಯಲ್ಲೂ ಆ ಇಲಾಖೆಯ ಹೆಸರು ‘ಐಸ್’.

2019ರ ಜನವರಿ ಕೊನೆಯ ವಾರ ಬಲೆ ಎಳೆದರು. ವಿದ್ಯಾರ್ಥಿಗಳನ್ನು ಸೇರಿಸಿಕೊಟ್ಟ ಎಂಟು ಮಂದಿ ದಲ್ಲಾಳಿಗಳ ಮೇಲೆ ಡೆಟ್ರಾಯಿಟ್‌ನ ಫೆಡರಲ್ ಕೋರ್ಟಿನಲ್ಲಿ ಆರೋಪಪಟ್ಟಿ ಬಂತು. ದೇಶದ ಬೇರೆ ಬೇರೆ ಊರುಗಳಲ್ಲಿ ಸುಮಾರು 130 ವಿದ್ಯಾರ್ಥಿಗಳನ್ನು ಮೊದಲ ಸುತ್ತಿನಲ್ಲೇ ಹಿಡಿದರು. ಅವರಲ್ಲಿ 129 ಮಂದಿ ಭಾರತೀಯರು, ಹೆಚ್ಚಿನವರು ತೆಲುಗು ಮನೆಗಳ ಮಕ್ಕಳು. ವರ್ಷ ಮುಗಿಯುವ ಹೊತ್ತಿಗೆ ಬಂಧಿತರ ಲೆಕ್ಕ 250ರ ಹತ್ತಿರ ಹೋಯಿತು.

ಹುಡುಗರಿಗೆ ಗೊತ್ತಿತ್ತೋ ಇಲ್ಲವೋ ಎಂಬ ಜಗಳ ಇನ್ನೂ ಇದೆ. ಪಾಠವಿಲ್ಲದ ಕಾಲೇಜಿಗೆ ವೀಸಾ ಉಳಿಸಿಕೊಳ್ಳಲೆಂದೇ ದುಡ್ಡು ಕಟ್ಟಿದರು ಎಂದು ಸರ್ಕಾರ ಹೇಳಿತು. ಸರ್ಕಾರವೇ ತನ್ನ ಪಟ್ಟಿಯಲ್ಲಿ ಹಾಕಿದ್ದ ಕಾಲೇಜನ್ನು ನಂಬಿದ್ದು ತಪ್ಪೇ ಎಂದು ವಿದ್ಯಾರ್ಥಿಗಳ ಪರ ವಕೀಲರು ಕೇಳಿದರು. ಕಟ್ಟಿದ ಶುಲ್ಕಕ್ಕಾಗಿ ವಿದ್ಯಾರ್ಥಿಗಳು ಹೂಡಿದ ದಾವೆ ಮುಂದುವರಿಯಬಹುದು ಎಂದು 2024ರಲ್ಲಿ ಮೇಲ್ಮನವಿ ನ್ಯಾಯಾಲಯ ಹೇಳಿತು. ಆ ಸರಿತಪ್ಪು ಕೋರ್ಟಿಗೆ ಬಿಟ್ಟದ್ದು. ನನಗೆ ಆಗಲೂ ಈಗಲೂ ಕಾಡುವ ಪ್ರಶ್ನೆ ಬೇರೆ. ಇಪ್ಪತ್ತೆರಡು ಇಪ್ಪತ್ತಮೂರು ವಯಸ್ಸಿನ ಹುಡುಗರು ಗೊತ್ತಿಲ್ಲದ ಊರಿನ ಜೈಲಿನಲ್ಲಿ ಬಾಗಿಲು ಮುಚ್ಚಿದ ಮೇಲೆ, ಅವರು ಉಂಡರೇ, ಮಲಗಲು ಜಾಗವಿದೆಯೇ, ಮಾತ್ರೆ ಸಿಕ್ಕಿತೇ ಎಂದು ನೋಡುವವರು ಯಾರು? ಜೈಲಿನವರೇ ಜೈಲಿನ ಬಗ್ಗೆ ಕೊಡುವ ಸರ್ಟಿಫಿಕೇಟಿಗೆ ಎಷ್ಟು ಬೆಲೆಯೆಂದು ನಮ್ಮೂರಿನವರಿಗೂ ಗೊತ್ತು.

ಕೇಳಿದರೆ ಮಾತ್ರ

ಆ ಸಲ ನಮ್ಮ ಸರ್ಕಾರ ಸುಮ್ಮನೆ ಕೂರಲಿಲ್ಲ. ದಿಲ್ಲಿಯಲ್ಲಿ ಅಮೆರಿಕದ ರಾಯಭಾರ ಕಚೇರಿಗೆ ಅಧಿಕೃತವಾಗಿ ಕಳವಳ ಮುಟ್ಟಿಸಿತು. ವಾಷಿಂಗ್ಟನ್ನಿನ ನಮ್ಮ ರಾಯಭಾರ ಕಚೇರಿ ಹಗಲು ರಾತ್ರಿ ನಡೆಯುವ ಸಹಾಯವಾಣಿ ತೆರೆಯಿತು. ಕಾನ್ಸುಲೇಟ್ ಅಧಿಕಾರಿಗಳು ಬೇರೆ ಬೇರೆ ರಾಜ್ಯಗಳ ಬಂಧನ ಕೇಂದ್ರಗಳನ್ನು ಹುಡುಕಿಕೊಂಡು ಹೋಗಿ, ಕೆಲವೇ ದಿನಗಳಲ್ಲಿ ನೂರಕ್ಕೂ ಹೆಚ್ಚು ವಿದ್ಯಾರ್ಥಿಗಳನ್ನು ಸಂಪರ್ಕಿಸಿದರು. ತೆಲುಗು ಸಂಘಗಳು ವಕೀಲರನ್ನು ಹೊಂದಿಸಿದವು.

ಹೀಗೆ ಭೇಟಿಯಾಗುವ ಹಕ್ಕು ಬರುವುದು 1963ರ ವಿಯೆನ್ನಾ ಒಪ್ಪಂದದ 36ನೇ ವಿಧಿಯಿಂದ. ಕುಲಭೂಷಣ್ ಜಾಧವ್ ಪ್ರಕರಣ ನೆನಪಿರಬಹುದು. ಪಾಕಿಸ್ತಾನದ ಜೈಲಿನಲ್ಲಿರುವ ಅವರನ್ನು ನೋಡಲು ನಮ್ಮ ಅಧಿಕಾರಿಗಳಿಗೆ ಬಿಡಲಿಲ್ಲವೆಂದು ಭಾರತ ಹೇಗ್‌ನ ಅಂತರರಾಷ್ಟ್ರೀಯ ನ್ಯಾಯಾಲಯಕ್ಕೆ ಹೋಗಿ ಗೆದ್ದದ್ದು ಇದೇ ವಿಧಿಯ ಮೇಲೆ, ಫಾರ್ಮಿಂಗ್ಟನ್ ಪ್ರಕರಣ ನಡೆದ ಅದೇ 2019ರ ಜುಲೈನಲ್ಲಿ. ಅದಕ್ಕೂ ಮುಂಚೆ ಜರ್ಮನಿ, ಮೆಕ್ಸಿಕೊ ದೇಶಗಳು ಅಮೆರಿಕದ ವಿರುದ್ಧವೇ ಇದೇ ಕಾರಣಕ್ಕೆ ಹೋಗಿ ಗೆದ್ದಿದ್ದವು.

ಆದರೆ ಈ ವಿಧಿಯಲ್ಲಿ ಒಂದು ಒಳಗುಟ್ಟಿದೆ. ಊರಿನಲ್ಲಿರುವ ಅಪ್ಪ ಅಮ್ಮಂದಿರು ಇದನ್ನು ಎರಡು ಸಲ ಓದಿಕೊಳ್ಳಬೇಕು. ಅಮೆರಿಕ ಕೆಲವು ದೇಶಗಳ ಜೊತೆ ಬೇರೆ ಒಪ್ಪಂದ ಮಾಡಿಕೊಂಡಿದೆ. ಚೀನಾ, ಬ್ರಿಟನ್‌ಗಳಂಥ ಆ ದೇಶಗಳ ಪ್ರಜೆ ಸಿಕ್ಕಿಬಿದ್ದರೆ, ಅವನು ಬೇಕೆಂದರೂ ಬೇಡವೆಂದರೂ ಅವನ ದೇಶದ ಕಾನ್ಸುಲೇಟಿಗೆ ತಿಳಿಸಲೇಬೇಕು. ಭಾರತ ಆ ಪಟ್ಟಿಯಲ್ಲಿಲ್ಲ. ನಮ್ಮವರ ವಿಷಯದಲ್ಲಿ ನಿಯಮ ಇಷ್ಟೇ: ‘ನಿಮ್ಮ ಕಾನ್ಸುಲೇಟಿಗೆ ತಿಳಿಸಬೇಕೇ?’ ಎಂದು ಹಿಡಿದವರು ಕೇಳಬೇಕು, ಒಳಗಿರುವವರು ‘ಹೌದು’ ಎನ್ನಬೇಕು. ಅವರು ಕೇಳುವುದನ್ನು ಮರೆತರೆ ಇವರೇ ಬಾಯಿ ಬಿಟ್ಟು ಹೇಳಬೇಕು. ‘ಬೇಡ’ ಎಂದರೆ ಅಲ್ಲಿಗೆ ಮುಗಿಯಿತು. ಷಿಕಾಗೊ ನಗರದ ನಡುವೆ ಎನ್‌ಬಿಸಿ ಟವರಿನಲ್ಲಿರುವ ನಮ್ಮ ಕಾನ್ಸುಲೇಟಿಗೆ ಇಲಿನಾಯ್, ಮಿಷಿಗನ್ ಎರಡೂ ಸೇರುತ್ತವೆ. ಆದರೆ ಯಾವ ಜೈಲಿನಲ್ಲಿ ಯಾವ ಭಾರತೀಯ ಇದ್ದಾನೆಂದು ಅದಕ್ಕೆ ತಾನಾಗಿ ಗೊತ್ತಾಗುವ ದಾರಿಯಿಲ್ಲ.

ವಿದೇಶಗಳ ಜೈಲುಗಳಲ್ಲಿರುವ ಭಾರತೀಯರ ಲೆಕ್ಕವನ್ನು ಸಂಸತ್ತಿನಲ್ಲಿ ಕೇಳಿದಾಗಲೆಲ್ಲ ವಿದೇಶಾಂಗ ಸಚಿವಾಲಯ ಒಂದು ಸಾಲು ಸೇರಿಸುತ್ತದೆ: ಹಲವು ದೇಶಗಳಲ್ಲಿ ಖಾಸಗಿತನದ ಕಾನೂನು ಬಿಗಿಯಾಗಿದ್ದು, ಕೈದಿ ಒಪ್ಪದಿದ್ದರೆ ಸ್ಥಳೀಯ ಅಧಿಕಾರಿಗಳು ಮಾಹಿತಿ ಕೊಡುವುದಿಲ್ಲ. 2025ರಲ್ಲಿ ಸಚಿವಾಲಯ ಕೊಟ್ಟ ಲೆಕ್ಕ ಹತ್ತು ಸಾವಿರ ದಾಟಿತ್ತು. ಅದು ಗೊತ್ತಾದವರ ಲೆಕ್ಕ ಮಾತ್ರ.

‘ಬೇಡ’ ಎನ್ನುವವರು ಯಾಕೆ ಬೇಡ ಎನ್ನುತ್ತಾರೆ? ಕನ್ನಡ ಕೂಟದ ಕೆಲಸದಲ್ಲಿ ನಾಲ್ಕು ವರ್ಷ ಓಡಾಡಿದ ಮೇಲೆ ನನಗೆ ಕಂಡ ಉತ್ತರ ಒಂದೇ: ಊರಿಗೆ ಗೊತ್ತಾಗಬಾರದು. ಕುಡಿದು ಕಾರು ಓಡಿಸಿ ಒಂದು ರಾತ್ರಿ ಕೌಂಟಿ ಜೈಲಿನಲ್ಲಿ ಕಳೆದ ಹುಡುಗನೊಬ್ಬ ಬೆಳಿಗ್ಗೆ ಹೊರಬಂದು ಮೊದಲು ಕೇಳಿದ್ದು ವಕೀಲರನ್ನಲ್ಲ, ‘ಅಪ್ಪಂಗೆ ಯಾರಾದ್ರೂ ಹೇಳಿದ್ರಾ ಸಾರ್?’ ಎಂದು. ಆ ಒಂದು ಪ್ರಕರಣದಿಂದಲೇ ವೀಸಾ ರದ್ದಾಗಬಹುದೆಂದು ಅವನಿಗೆ ಗೊತ್ತಿರಲಿಲ್ಲ. ಅಪ್ಪನ ಕೋಪ ಚೆನ್ನಾಗಿ ಗೊತ್ತಿತ್ತು. ಇದರಲ್ಲಿ ನಮ್ಮ ಪಾಲೂ ಇದೆ. ‘ಮಾನ ಹೋಗುವ ಕೆಲಸ ಮಾಡಿ ಮನೆಗೆ ಬರಬೇಡ’ ಎಂದು ವಿಮಾನ ಹತ್ತಿಸುವಾಗ ಹೇಳಿ ಕಳಿಸಿದ ಮಾತು ಅಂಥ ರಾತ್ರಿಯಲ್ಲಿ ಅವರ ಬಾಯಿ ಕಟ್ಟಿಹಾಕುತ್ತದೆ.

ಬ್ರಾಡ್‌ವ್ಯೂ ಕಟ್ಟಡದಲ್ಲಿ

ಷಿಕಾಗೊ ನಗರದಿಂದ ಪಶ್ಚಿಮಕ್ಕೆ ಸುಮಾರು ಇಪ್ಪತ್ತು ಕಿಲೋಮೀಟರ್ ಹೋದರೆ ಬ್ರಾಡ್‌ವ್ಯೂ ಎಂಬ ಸಣ್ಣ ಊರು. ಅರೋರಾದ ಬಾಲಾಜಿ ದೇವಸ್ಥಾನಕ್ಕೆ ನಗರದಿಂದ ಹೊರಡುವವರು ಅದರ ಪಕ್ಕದ ಹೆದ್ದಾರಿಯಲ್ಲೇ ಹಾದುಹೋಗುತ್ತಾರೆ. ಅಲ್ಲೊಂದು ಐಸ್ ಕಟ್ಟಡವಿದೆ. ಹಿಡಿದು ತಂದವರ ಹೆಸರು, ಬೆರಳಚ್ಚು ತೆಗೆದುಕೊಂಡು ಬೇರೆ ಕಡೆ ಸಾಗಿಸಲೆಂದು ಮಾಡಿದ ಜಾಗ. ಯಾರನ್ನೂ 12 ಗಂಟೆಗಿಂತ ಹೆಚ್ಚು ಇಟ್ಟುಕೊಳ್ಳಬಾರದು ಎಂಬ ನಿಯಮ ಇಂಥ ಕೋಣೆಗಳಿಗಿತ್ತು. 2025ರ ಜೂನ್‌ನಲ್ಲಿ ಅದನ್ನು 72 ಗಂಟೆಗೆ ಏರಿಸಿದರು. ಸೆಪ್ಟೆಂಬರ್‌ನಲ್ಲಿ ಷಿಕಾಗೊದಲ್ಲಿ ದೊಡ್ಡ ಧರಪಕಡು ಶುರುವಾದಾಗ ಅದೂ ಸಾಲಲಿಲ್ಲ. ಹಾಸಿಗೆಯಿಲ್ಲದ ಜಾಗದಲ್ಲಿ ಜನ ದಿನಗಟ್ಟಲೆ ಉಳಿದರು.

ಒಳಗೆ ಏನಾಗುತ್ತಿದೆಯೆಂದು ನೋಡಲು ಆ ಭಾಗದ ಸಂಸದರೇ ಜೂನ್‌ನಲ್ಲಿ ಬಾಗಿಲಿಗೆ ಹೋಗಿದ್ದರು. ಒಳಗೆ ಬಿಡಲಿಲ್ಲ. ಅಕ್ಟೋಬರ್ 30ರಂದು ಇಲಿನಾಯ್‌ನ ನಾಗರಿಕ ಹಕ್ಕುಗಳ ಸಂಸ್ಥೆ ಎಸಿಎಲ್‌ಯು ಮತ್ತು ಮೆಕಾರ್ಥರ್ ಜಸ್ಟಿಸ್ ಸೆಂಟರ್‌ನ ವಕೀಲರು ಫೆಡರಲ್ ಕೋರ್ಟಿಗೆ ಹೋದರು. ನ್ಯಾಯಾಧೀಶ ರಾಬರ್ಟ್ ಗೆಟಲ್‌ಮನ್ ಅವರ ಮುಂದೆ ಒಳಗಿದ್ದು ಬಂದವರು ಒಬ್ಬೊಬ್ಬರಾಗಿ ಹೇಳಿದರು: ಕುರ್ಚಿಯಲ್ಲೋ ನೆಲದ ಮೇಲೋ ಭುಜಕ್ಕೆ ಭುಜ ತಾಗಿಸಿ ಮಲಗಿದ್ದು, ಅದೇ ಕೋಣೆಯಲ್ಲಿ ಎಲ್ಲರ ಕಣ್ಣೆದುರಿನ ಶೌಚ, ಅದು ತುಂಬಿ ಹರಿದದ್ದು, ಸ್ನಾನವಿಲ್ಲದ್ದು, ವಕೀಲರಿಗೆ ಫೋನ್ ಸಿಗದಿದ್ದದ್ದು. ಅಲ್ಲಿ ಎಲ್ಲವೂ ಸರಿಯಿದೆ ಎಂಬುದು ಇಲಾಖೆಯ ವಾದವಾಗಿತ್ತು.

ನವೆಂಬರ್ 5ರಂದು ನ್ಯಾಯಾಧೀಶರು ಕೊಟ್ಟ ಆದೇಶವನ್ನು ಓದಿದರೆ ಮನಸ್ಸಿಗೆ ಪಿಚ್ಚೆನ್ನುತ್ತದೆ. ದೊಡ್ಡ ತತ್ವಗಳೇನೂ ಅದರಲ್ಲಿಲ್ಲ. ರಾತ್ರಿ ಮಲಗಲು ಶುಚಿಯಾದ ಚಾಪೆಯಂಥ ಹಾಸು ಕೊಡಿ. ಸೋಪು, ಟವೆಲ್, ಹಲ್ಲುಜ್ಜುವ ಬ್ರಷ್, ಹೆಂಗಸರಿಗೆ ಮುಟ್ಟಿನ ಪ್ಯಾಡ್ ಕೊಡಿ. ಎರಡು ದಿನಕ್ಕೊಮ್ಮೆಯಾದರೂ ಸ್ನಾನ. ಕೋಣೆಯನ್ನು ದಿನಕ್ಕೆರಡು ಸಲ ಗುಡಿಸಿ ತೊಳೆಯಿರಿ. ಮೂರು ಹೊತ್ತು ಊಟ, ಕುಡಿಯಲು ಬಾಟಲಿ ನೀರು, ವೈದ್ಯರು ಬರೆದುಕೊಟ್ಟ ಔಷಧಿ. ವಕೀಲರ ಜೊತೆ ಯಾರೂ ಕೇಳಿಸಿಕೊಳ್ಳದಂತೆ ಪುಕ್ಕಟೆ ಫೋನ್. ಹಿಡಿದವರ ಹೆಸರು, ಅವರು ಎಲ್ಲಿದ್ದಾರೆಂಬುದು ಹುಡುಕುವ ಪಟ್ಟಿಯಲ್ಲಿ ಕಾಣಬೇಕು. ಬಾಣಂತಿಗೆ ಒಬ್ಬ ಸೂಲಗಿತ್ತಿ ಬರೆಸುವ ಪಟ್ಟಿಯಷ್ಟೇ ಸರಳವಾದ ಇದನ್ನು ಅಮೆರಿಕದಲ್ಲಿ ಒಬ್ಬ ಫೆಡರಲ್ ನ್ಯಾಯಾಧೀಶ ಆಜ್ಞೆಯಾಗಿ ಬರೆಯಬೇಕಾಯಿತು. ಅದೇ ತಿಂಗಳು ಮ್ಯಾಜಿಸ್ಟ್ರೇಟ್ ನ್ಯಾಯಾಧೀಶೆಯೊಬ್ಬರು ವಕೀಲರೊಂದಿಗೆ ಖುದ್ದಾಗಿ ಕಟ್ಟಡದೊಳಗೆ ಹೋಗಿ ನೋಡಿ ಬಂದರು. ಸಂಸದರಿಗೆ ತೆರೆಯದ ಬಾಗಿಲು ಕೋರ್ಟಿಗೆ ತೆರೆಯಿತು.

ಇದಾಗುವ ಮುಂಚೆ ಇಂಥದ್ದನ್ನೆಲ್ಲ ನೋಡಲೆಂದೇ ಸರ್ಕಾರದೊಳಗೆ ಒಂದು ಕಚೇರಿಯಿತ್ತು. ವಲಸೆ ಬಂಧನದ ಒಂಬುಡ್ಸ್‌ಮನ್ ಎಂದು ಅದರ ಹೆಸರು. ಅಮೆರಿಕದ ಸಂಸತ್ತು 2019ರ ಕೊನೆಯಲ್ಲಿ ಕಾನೂನಿನ ಮೂಲಕ ಕಟ್ಟಿದ ಕಚೇರಿ. ಅದರ ಸಿಬ್ಬಂದಿ ಬಂಧನ ಕೇಂದ್ರಗಳಿಗೆ ಹೇಳದೆ ಹೋಗಬಹುದಿತ್ತು, ಒಳಗಿದ್ದವರ ದೂರು ತೆಗೆದುಕೊಳ್ಳಬಹುದಿತ್ತು. 2025ರ ಮಾರ್ಚ್‌ನಲ್ಲಿ ಗೃಹಭದ್ರತಾ ಇಲಾಖೆ ಅದರ ಬಹುತೇಕ ಸಿಬ್ಬಂದಿಯನ್ನು ಮನೆಗೆ ಕಳಿಸಿತು. ಮೊಕದ್ದಮೆಯಾದ ಮೇಲೆ ಬೋರ್ಡು ಉಳಿಯಿತು, ಕಾನೂನು ಹೇಳಿದಷ್ಟು ಮಾಡುತ್ತೇವೆ ಎಂದರು. ಹಿಡಿಯುವವರ ಸಂಖ್ಯೆ ಏರಿದ ವರ್ಷವೇ ನೋಡುವವರ ಸಂಖ್ಯೆ ಇಳಿಯಿತು.

ಷಿಕಾಗೊದ ಹಳೆಯ ಕಾವಲುಗಾರರು

ಹಾಗೆಂದು ಈ ಊರಿಗೆ ಜೈಲು ನೋಡುವ ಅಭ್ಯಾಸ ಹೊಸದಲ್ಲ. ಜಾನ್ ಹೋವರ್ಡ್ ಅಸೋಸಿಯೇಷನ್ ಎಂಬ ಸ್ವತಂತ್ರ ಸಂಸ್ಥೆ ಷಿಕಾಗೊದಲ್ಲಿ 1901ರಿಂದ ಇದೆ. ಅದಕ್ಕೆ ಹೆಸರು ಕೊಟ್ಟವರು ಹದಿನೆಂಟನೇ ಶತಮಾನದ ಇಂಗ್ಲೆಂಡಿನ ಜಾನ್ ಹೋವರ್ಡ್. 1773ರಲ್ಲಿ ಬೆಡ್‌ಫರ್ಡ್‌ಷೈರ್ ಎಂಬ ಜಿಲ್ಲೆಗೆ ಷೆರಿಫ್ ಆದ ಈ ಮನುಷ್ಯ, ತನ್ನ ಅಧೀನದ ಜೈಲನ್ನು ಒಮ್ಮೆ ನೋಡಿ ಬರೋಣವೆಂದು ಹೋಗಿ ದಂಗಾದ. ನಿರ್ದೋಷಿ ಎಂದು ಕೋರ್ಟು ಬಿಟ್ಟವರೂ ಜೈಲರನ ಫೀಸು ಕಟ್ಟಲಾಗದೆ ಒಳಗೇ ಇದ್ದರು. ಅಲ್ಲಿಂದ ಮುಂದೆ ಯುರೋಪಿನ ಜೈಲುಗಳನ್ನೆಲ್ಲ ಸುತ್ತಿ, ಕಂಡದ್ದನ್ನು 1777ರಲ್ಲಿ ಪುಸ್ತಕ ಮಾಡಿ, ಕೊನೆಗೆ 1790ರಲ್ಲಿ ಖೆರ್ಸೋನ್ ಎಂಬಲ್ಲಿ ಜ್ವರದಿಂದ ಸತ್ತ.

ಷಿಕಾಗೊದ ಸಂಸ್ಥೆ ಮಾಡುವುದೂ ಮೂಲದಲ್ಲಿ ಅದನ್ನೇ. ಸಿಬ್ಬಂದಿ ಮತ್ತು ತರಬೇತಿ ಪಡೆದ ಸ್ವಯಂಸೇವಕರು ರಾಜ್ಯದ ಜೈಲುಗಳ ಒಳಗೆ ನಡೆದುಹೋಗುತ್ತಾರೆ. ಕೈದಿಗಳ ಜೊತೆಯೂ ಕಾವಲುಗಾರರ ಜೊತೆಯೂ ಮಾತಾಡುತ್ತಾರೆ, ಕೈದಿಗಳು ಬರೆದ ಕಾಗದ ಓದುತ್ತಾರೆ, ಕಂಡದ್ದನ್ನು ಅಚ್ಚು ಹಾಕುತ್ತಾರೆ. ಇಲಾಖೆಯ ಒಪ್ಪಿಗೆಯ ಮೇಲೆ ಒಳಹೋಗುವ ಇವರ ಕೈಯಲ್ಲಿ ದಂಡ ಹಾಕುವ ಅಧಿಕಾರವಿಲ್ಲ. ಆದರೂ ನಿವೃತ್ತ ಶಿಕ್ಷಕರು, ಕಾನೂನು ಓದುವ ಹುಡುಗಿಯರು, ಚರ್ಚಿಗೆ ಹೋಗುವ ಅಜ್ಜಂದಿರು ಇಂಥ ಕೆಲಸಕ್ಕೆ ರಜೆ ಹಾಕಿ ಹೋಗುವುದನ್ನು ನೋಡಿದರೆ ನನಗೆ ಸ್ವಲ್ಪ ಹೊಟ್ಟೆಕಿಚ್ಚಾಗುತ್ತದೆ. ನಮ್ಮ ಕೂಟಗಳಲ್ಲಿ ರಾಜ್ಯೋತ್ಸವಕ್ಕೆ ಊಟ ಬಡಿಸಲು ನೂರು ಜನ ಸಿಗುತ್ತಾರೆ. ಡೆಟ್ರಾಯಿಟ್ 2002ರಲ್ಲಿ, ಷಿಕಾಗೊ 2008ರಲ್ಲಿ ಅಕ್ಕ ಸಮ್ಮೇಳನವನ್ನೇ ನಡೆಸಿದ ಊರುಗಳು. ಜೈಲಿನ ಭೇಟಿಗೆ ಬರುತ್ತೀರಾ ಎಂದು ಕೇಳಿದರೆ ಮಾತ್ರ ಎಲ್ಲರ ಕ್ಯಾಲೆಂಡರೂ ತುಂಬಿರುತ್ತದೆ.

ಜೋಲಿಯೆಟ್ ಹತ್ತಿರದ ಸ್ಟೇಟ್‌ವಿಲ್ ಜೈಲಿನ ಕತೆ ಇದಕ್ಕೆ ಒಳ್ಳೆಯ ಉದಾಹರಣೆ. ಅದು 1925ರಲ್ಲಿ ಶುರುವಾದ ಜೈಲು. ಅದರಲ್ಲಿ ದುಂಡಗಿನ ಕಟ್ಟಡವೊಂದಿತ್ತು. ನಡುವೆ ಗೋಪುರ, ಸುತ್ತ ಅಂತಸ್ತು ಅಂತಸ್ತಾಗಿ ಕೋಣೆಗಳು. ಗೋಪುರದಲ್ಲಿ ನಿಂತ ಒಬ್ಬನೇ ಕಾವಲುಗಾರ ಎಲ್ಲ ಕೈದಿಗಳನ್ನೂ ನೋಡಬಹುದು. ಒಳಗಿನ ಗದ್ದಲಕ್ಕೆ, ಹೊಲಸಿಗೆ ಹೆಸರಾಗಿದ್ದ ಆ ಕಟ್ಟಡವನ್ನು 2016ರಲ್ಲಿ ಮುಚ್ಚಿದರು. ಉಳಿದ ಕಟ್ಟಡಗಳು ಮತ್ತೆ ಎಂಟು ವರ್ಷ ನಡೆದವು. ಕಾಂಕ್ರೀಟು ಕಳಚಿ ಬೀಳುವ ಸ್ಥಿತಿಯಲ್ಲಿದೆ ಎಂದು 2024ರ ಆಗಸ್ಟ್‌ನಲ್ಲಿ ಫೆಡರಲ್ ನ್ಯಾಯಾಧೀಶರು ಆದೇಶ ಕೊಟ್ಟರು, ಸೆಪ್ಟೆಂಬರ್ ಮುಗಿಯುವುದರೊಳಗೆ ಹೆಚ್ಚಿನ ಕೈದಿಗಳನ್ನು ಬೇರೆ ಕಡೆ ಕಳಿಸಬೇಕಾಯಿತು. ಅದೇ ಬೇಸಿಗೆಯಲ್ಲಿ ಅಲ್ಲಿ ಸೆಖೆಯ ದಿನವೊಂದರಲ್ಲಿ ಕೈದಿಯೊಬ್ಬರು ತೀರಿಕೊಂಡಿದ್ದರು. ವರದಿ ಬರೆದ ಮರುದಿನವೇ ಏನೂ ಆಗುವುದಿಲ್ಲ, ವರ್ಷಗಳು ಹಿಡಿಯುತ್ತವೆ. ಆದರೆ ಆದೇಶ ಬರೆಯುವ ದಿನ ನ್ಯಾಯಾಧೀಶರ ಮೇಜಿನ ಮೇಲೆ ಹೊರಗಿನವರು ನೋಡಿ ಬರೆದದ್ದು ಇರಬೇಕಲ್ಲ.

ನಗರದೊಳಗಿನ ಕುಕ್ ಕೌಂಟಿ ಜೈಲಿನಲ್ಲೂ ಹೀಗೇ. ಅಲ್ಲಿನ ಸ್ಥಿತಿ ಸಂವಿಧಾನಕ್ಕೆ ವಿರುದ್ಧ ಎಂದು ಅಮೆರಿಕದ ನ್ಯಾಯ ಇಲಾಖೆ 2008ರಲ್ಲಿ ಬರೆಯಿತು. 2010ರಿಂದ 2017ರವರೆಗೆ ಅದು ಕೋರ್ಟಿನ ಒಪ್ಪಂದದಡಿ, ಹೊರಗಿನ ನಿಗಾದಾರರ ಕಣ್ಣಿನಲ್ಲಿ ನಡೆಯಿತು.

ತುರಿಕಜ್ಜಿ ಕಂಡುಹಿಡಿದ ಡಾಕ್ಟರು

ಮಿಷಿಗನ್ನಿನಲ್ಲಿ ದಾರಿ ಬೇರೆ. ಅಲ್ಲಿ ಜೈಲುಗಳ ಒಂಬುಡ್ಸ್‌ಮನ್ ಕಚೇರಿ 1975ರ ಕಾನೂನಿನಿಂದ ಬಂದದ್ದು. ಅದು ಜೈಲು ಇಲಾಖೆಯ ಕೆಳಗಿಲ್ಲ, ಶಾಸಕಾಂಗದ ಕೆಳಗಿದೆ. ಜೈಲಿನೊಳಗೆ ಹೋಗಬಹುದು, ದಾಖಲೆ ಕೇಳಬಹುದು. ಕೈದಿ ಮಾತ್ರವಲ್ಲ, ಕೈದಿಯ ಮನೆಯವರೂ ದೂರು ಬರೆಯಬಹುದು. ನೆನಪಿಡಬೇಕಾದ್ದು, ಅದರ ವ್ಯಾಪ್ತಿ ರಾಜ್ಯದ ಜೈಲುಗಳಿಗೆ. ಐಸ್ ಬಂಧನಕ್ಕೆ ಅಲ್ಲ.

ಕಾನೂನಿದ್ದರೂ ಕೆಲವೊಮ್ಮೆ ಕೆಲಸ ಮಾಡುವುದು ಒಬ್ಬ ಮನುಷ್ಯನ ಹಟ. ಡೆಟ್ರಾಯಿಟ್‌ನಿಂದ ಮುಕ್ಕಾಲು ಗಂಟೆ ದೂರದ ಇಪ್ಸಿಲಾಂಟಿ ಬಳಿ ಮಿಷಿಗನ್ನಿನ ಏಕೈಕ ಮಹಿಳಾ ಜೈಲು ಇದೆ, ಸುಮಾರು ಎರಡು ಸಾವಿರ ಹೆಂಗಸರು. ಅಲ್ಲಿ ಮೈಯೆಲ್ಲ ತುರಿಕೆ, ಗುಳ್ಳೆ ಎಂಬ ದೂರು ತಿಂಗಳುಗಟ್ಟಲೆ ನಡೆಯಿತು. ನೀವೇ ಏನೇನೋ ಬೆರೆಸಿ ಬಟ್ಟೆ ಒಗೆದುಕೊಳ್ಳುತ್ತೀರಿ, ಅದಕ್ಕೇ ಹೀಗೆ ಎಂಬ ಸಮಜಾಯಿಷಿ ಬಂತು. ಪತ್ರಿಕೆಗಳಲ್ಲಿ ಇದು ಸುದ್ದಿಯಾದ ಮೇಲೆ ಹೊರಗಿನ ಚರ್ಮರೋಗ ತಜ್ಞರೊಬ್ಬರು ತಾವಾಗಿ ಮುಂದೆ ಬಂದು, 2018ರ ಡಿಸೆಂಬರ್‌ನಲ್ಲಿ ಒಳಗೆ ಹೋಗಿ ಚರ್ಮ ಕೆರೆದು ಸೂಕ್ಷ್ಮದರ್ಶಕದಲ್ಲಿ ನೋಡಿದರು. ತುರಿಕಜ್ಜಿ. ನಮ್ಮ ಹಾಸ್ಟೆಲುಗಳಲ್ಲಿ ಅಡುಗೆಯವರೂ ಗುರುತಿಸುವ ಕಜ್ಜಿ. ಮುಂದಿನ ತಿಂಗಳು ಜೈಲಿನ ಎಲ್ಲರಿಗೂ ಒಟ್ಟಿಗೇ ಮದ್ದು ಕೊಟ್ಟರು.

ಈಗ ಮಿಷಿಗನ್ನಿನಲ್ಲಿ ಎಲ್ಲರ ಗಮನ ಬಾಲ್ಡ್‌ವಿನ್ ಎಂಬ ಹಳ್ಳಿಯ ಮೇಲೆ. ಡೆಟ್ರಾಯಿಟ್‌ನಿಂದ ಮೂರು ಗಂಟೆಗೂ ಹೆಚ್ಚಿನ ದಾರಿ, ಷಿಕಾಗೊದಿಂದ ನಾಲ್ಕು. ಸುತ್ತ ಕಾಡು. ಅಲ್ಲಿ ಜಿಯೋ ಗ್ರೂಪ್ ಎಂಬ ಖಾಸಗಿ ಕಂಪನಿಯ ನಾರ್ತ್ ಲೇಕ್ ಜೈಲು 2022ರಲ್ಲಿ ಮುಚ್ಚಿತ್ತು. 2025ರ ಜೂನ್‌ನಲ್ಲಿ ಐಸ್ ಬಂಧನ ಕೇಂದ್ರವಾಗಿ ಮತ್ತೆ ತೆರೆಯಿತು. 1,800 ಹಾಸಿಗೆ. ಇಲಿನಾಯ್ ರಾಜ್ಯ 2021ರಲ್ಲಿ ಕಾನೂನು ಮಾಡಿ ತನ್ನ ಕೌಂಟಿ ಜೈಲುಗಳಲ್ಲಿ ವಲಸಿಗರನ್ನು ಇಡುವುದನ್ನು ನಿಲ್ಲಿಸಿದೆ. ಒಳ್ಳೆಯ ಉದ್ದೇಶವೇ. ಆದರೆ ಷಿಕಾಗೊದಲ್ಲಿ ಸಿಕ್ಕಿಬಿದ್ದವರು ಈಗ ಇಂಡಿಯಾನಾಗೋ ಬಾಲ್ಡ್‌ವಿನ್‌ಗೋ ಹೋಗುತ್ತಾರೆ. ಹೆಂಡತಿ ಮಕ್ಕಳು ಒಂದು ಭೇಟಿಗೆ ಇಡೀ ದಿನ ಕಾರು ಓಡಿಸಬೇಕು, ವಕೀಲರೂ ಅಷ್ಟೇ. ದೂರ ಹೆಚ್ಚಿದಷ್ಟೂ ನೋಡುವ ಕಣ್ಣು ಕಡಿಮೆ. 2025ರ ಡಿಸೆಂಬರ್‌ನಲ್ಲಿ ಷಿಕಾಗೊ ಕಡೆ ನೆಲೆಸಿದ್ದ ಬಲ್ಗೇರಿಯಾ ಮೂಲದ ಒಬ್ಬರು ಅಲ್ಲಿ ಬಂಧನದಲ್ಲಿರುವಾಗಲೇ ಸತ್ತರು.

ಇಂಥ ಕಡೆಗೆ ಹೇಳದೆ ಕೇಳದೆ ಹೋಗಬಲ್ಲವರು ಅಮೆರಿಕದ ಸಂಸದರು. ಅದಕ್ಕೆ ಹಣಕಾಸು ಕಾಯ್ದೆಯಲ್ಲೇ ಅವಕಾಶವಿದೆ. 2025ರಲ್ಲಿ ಇಲಾಖೆ ಏಳು ದಿನ ಮುಂಚೆ ತಿಳಿಸಬೇಕೆಂಬ ಷರತ್ತು ಹಾಕಿತು, ಡಿಸೆಂಬರ್‌ನಲ್ಲಿ ವಾಷಿಂಗ್ಟನ್ನಿನ ಫೆಡರಲ್ ನ್ಯಾಯಾಧೀಶೆ ಅದಕ್ಕೆ ತಡೆ ಕೊಟ್ಟರು, ಮುಂದಿನ ತಿಂಗಳೇ ಇಲಾಖೆ ಬೇರೆ ರೂಪದಲ್ಲಿ ಅದನ್ನೇ ತಂದಿತು. ಹೇಳಿ ಹೋದರೆ ನೆಲ ತೊಳೆದಿರುತ್ತಾರೆ, ಊಟ ಬಿಸಿಯಾಗಿರುತ್ತದೆ. ನಮ್ಮ ಶಾಲೆಗಳಿಗೆ ಇನ್‌ಸ್ಪೆಕ್ಟರ್ ಬರುವ ದಿನ ಹೇಗಿರುತ್ತಿತ್ತೆಂದು ನೆನೆದರೆ ಸಾಕು. ಅಂದಹಾಗೆ, ಡೆಟ್ರಾಯಿಟ್ ನಗರವನ್ನು 2023ರಿಂದ ಸಂಸತ್ತಿನಲ್ಲಿ ಪ್ರತಿನಿಧಿಸುತ್ತಿರುವವರಲ್ಲಿ ಒಬ್ಬರಾದ ಶ್ರೀ ಥಾಣೇದಾರ್ ಚಿಕ್ಕೋಡಿಯಲ್ಲಿ ಹುಟ್ಟಿ ಬೆಳಗಾವಿಯಲ್ಲಿ ಬೆಳೆದವರು. ಷಿಕಾಗೊ ಉಪನಗರಗಳ ರಾಜಾ ಕೃಷ್ಣಮೂರ್ತಿ ದಿಲ್ಲಿಯಲ್ಲಿ ಹುಟ್ಟಿದವರು. ಆದರೆ ಹುಟ್ಟೂರಿನ ನಂಟು ಹೇಳಿ ಫೋನ್ ಮಾಡಬೇಕಿಲ್ಲ. ಬಂಧಿತರು ಯಾವ ಕ್ಷೇತ್ರದಲ್ಲಿ ವಾಸವಿದ್ದರೋ ಆ ಕ್ಷೇತ್ರದ ಸಂಸದರ ಕಚೇರಿ ಪೌರರಲ್ಲದವರ ಅರ್ಜಿಯನ್ನೂ ತೆಗೆದುಕೊಳ್ಳುತ್ತದೆ. ಬಂಧಿತರ ಸಹಿ ಇರುವ ಒಪ್ಪಿಗೆ ಪತ್ರ ಬೇಕು.

ನಮ್ಮಲ್ಲಿ ಇದೆಲ್ಲ ಇಲ್ಲವೆಂದೇನಲ್ಲ. ಕರ್ನಾಟಕದ ಜೈಲುಗಳಿಗೂ ಸಂದರ್ಶಕರ ಮಂಡಳಿ ಇರಬೇಕು, ಜಿಲ್ಲಾ ನ್ಯಾಯಾಧೀಶರ ಜೊತೆ ಅಧಿಕಾರಿಗಳಲ್ಲದ ನಾಗರಿಕರೂ ಅದರಲ್ಲಿ ಕೂರಬೇಕು. ಪರಪ್ಪನ ಅಗ್ರಹಾರದಲ್ಲಿ ಕೆಲವರಿಗೆ ರಾಜೋಪಚಾರ ನಡೆಯುತ್ತಿದೆಯೆಂದು 2017ರಲ್ಲಿ ಬರೆದದ್ದು ಇಲಾಖೆಯ ಒಳಗಿನವರೇ ಆದ ಡಿ. ರೂಪಾ. ವರದಿ ಕೊಟ್ಟ ಕೆಲವೇ ದಿನಗಳಲ್ಲಿ ಅವರ ವರ್ಗಾವಣೆಯಾಯಿತು. ಒಳಗಿನವರು ನಿಜ ಬರೆದರೆ ಏನಾಗುತ್ತದೆ ಎಂಬುದಕ್ಕೆ ನಾವು ಷಿಕಾಗೊವರೆಗೆ ಬರಬೇಕಾಗಿಲ್ಲ.

ಫೋನು ಬಂದ ರಾತ್ರಿ

ಇನ್ನು ಮನೆಯವರು ತಿಳಿದಿರಬೇಕಾದ್ದು. ಅಂಥ ಫೋನು ನಿಮಗೆ ಬರದಿರಲಿ. ಬಂದರೆ ಮೊದಲು ಕೇಳಬೇಕಾದ್ದು, ಹಿಡಿದವರು ಪೊಲೀಸರೋ ಐಸ್‌ನವರೋ ಎಂದು. ಪೊಲೀಸರಾದರೆ ಕೌಂಟಿ ಜೈಲಿನ ಪಟ್ಟಿಯಲ್ಲಿ ಹುಡುಕಬೇಕು. ಐಸ್ ಆದರೆ ಅದರದೇ ಹುಡುಕಾಟದ ಪಟ್ಟಿ ಇಂಟರ್ನೆಟ್ಟಿನಲ್ಲಿದೆ. ‘ಎ ನಂಬರ್’ ಎಂಬ ಒಂಬತ್ತು ಅಂಕಿಯ ಸಂಖ್ಯೆ ಮತ್ತು ಹುಟ್ಟಿದ ದೇಶ, ಅಥವಾ ಹೆಸರು ಮತ್ತು ಹುಟ್ಟಿದ ದೇಶ ಹಾಕಿದರೆ ಜಾಗ ತೋರಿಸುತ್ತದೆ. ಇಲ್ಲೇ ನಮ್ಮವರು ಎಡವುವುದು. ಪಾಸ್‌ಪೋರ್ಟಿನಲ್ಲಿ ಅಪ್ಪನ ಹೆಸರೋ ಊರಿನ ಹೆಸರೋ ಕೊನೆಯ ಹೆಸರಾಗಿರುತ್ತದೆ, ಮನೆಯವರು ಕರೆಯುವ ಹೆಸರಿನಲ್ಲಿ ಹುಡುಕುತ್ತಾರೆ, ಸಿಗುವುದಿಲ್ಲ. ಪಾಸ್‌ಪೋರ್ಟ್, ವೀಸಾ, ಐ-94, ಕಂಪನಿಯ ಅಥವಾ ಕಾಲೇಜಿನ ಕಾಗದಗಳ ಪ್ರತಿ ಒಂದೊಂದು ಊರಿನ ಮನೆಯಲ್ಲೂ ಇರಲಿ.

ಜಾಮೀನಿಗೆ ಈಗಿಂದೀಗಲೇ ಇಷ್ಟು ಲಕ್ಷ ಕಳಿಸಿ ಎಂದು ಫೋನು ಬಂದರೆ ತಡೆದು ಯೋಚಿಸಿ. ಇಲಿನಾಯ್ ರಾಜ್ಯದ ಕೋರ್ಟುಗಳಲ್ಲಿ 2023ರ ಸೆಪ್ಟೆಂಬರ್ 18ರಿಂದ ನಗದು ಜಾಮೀನೇ ಇಲ್ಲ, ಅಮೆರಿಕದಲ್ಲಿ ಅದನ್ನು ಪೂರ್ತಿ ತೆಗೆದುಹಾಕಿದ ಮೊದಲ ರಾಜ್ಯ ಅದು. ವಲಸೆ ಪ್ರಕರಣಗಳ ಬಾಂಡ್ ಬೇರೆ, ಮಿಷಿಗನ್ನಿನ ನಿಯಮ ಬೇರೆ. ಯಾವುದೇ ಆಗಲಿ, ವಕೀಲರ ಬಾಯಿಂದ ಕೇಳುವವರೆಗೆ ದುಡ್ಡು ಕಳಿಸಬೇಡಿ.

ಒಳಗಿರುವವರಿಗೆ ಫೋನ್ ಸಿಕ್ಕಾಗ ಬೈಯಬೇಡಿ. ಬೈಯಲು ಮುಂದೆ ಬೇಕಾದಷ್ಟು ಕಾಲವಿದೆ. ‘ಇಂಡಿಯನ್ ಕಾನ್ಸುಲೇಟಿಗೆ ತಿಳಿಸಿ ಎಂದು ಕೇಳಿದೆಯಾ? ಬರೆದು ಕೊಟ್ಟೆಯಾ?’ ಎಂದು ಕೇಳಿ. ಮನೆಯವರೂ ನೇರವಾಗಿ ಷಿಕಾಗೊ ಕಾನ್ಸುಲೇಟಿಗೆ ಬರೆಯಬಹುದು, ವಿದೇಶಾಂಗ ಸಚಿವಾಲಯದ ‘ಮದದ್’ ಪೋರ್ಟಲ್‌ನಲ್ಲಿ ದೂರು ದಾಖಲಿಸಬಹುದು. ಬೆಂಗಳೂರಿನಲ್ಲಿ ಅನಿವಾಸಿ ಭಾರತೀಯ ಸಮಿತಿ ಇದೆ. ಕೈಯಲ್ಲಿ ದುಡ್ಡಿಲ್ಲದವರ ಕಾನೂನು ಖರ್ಚಿಗೆ ನೆರವಾಗಲು ರಾಯಭಾರ ಕಚೇರಿಗಳ ಬಳಿ ಭಾರತೀಯ ಸಮುದಾಯ ಕಲ್ಯಾಣ ನಿಧಿ ಎಂಬುದು 2009ರಿಂದ ಇದೆ, ಎಲ್ಲರಿಗೂ ಸಿಗುತ್ತದೆಂದಲ್ಲ, ಕೇಳಬೇಕು. ವಲಸೆ ಕೋರ್ಟು ದುಭಾಷಿಯನ್ನು ಕೊಡುತ್ತದೆ. ಭಾರತೀಯ ಎಂದಾಕ್ಷಣ ಹಿಂದಿ ಎಂದು ಬರೆದುಕೊಂಡಾರು, ಇಂಗ್ಲಿಷ್ ಸಲೀಸಾಗಿ ಬಾರದವರು ಕನ್ನಡ ಎಂದು ಮೊದಲ ದಿನವೇ ಬರೆಸಬೇಕು.

ಕೂಟದಲ್ಲಿದ್ದಾಗ ಊರಿನಿಂದ ಬಂದ ಅಂಥ ಫೋನುಗಳಲ್ಲಿ ಅಪ್ಪಂದಿರು ಕೇಳುತ್ತಿದ್ದದ್ದು ಕೇಸು ಏನು, ಎಷ್ಟು ದಿನ ಎಂದು. ಅಮ್ಮಂದಿರು ಫೋನು ಕಿತ್ತುಕೊಂಡು ಕೇಳುತ್ತಿದ್ದದ್ದು ಬೇರೆ: ‘ಅಲ್ಲಿ ಊಟ ಏನು ಕೊಡ್ತಾರಪ್ಪಾ? ನಮ್ಮೋನು ಮೊಟ್ಟೇನೂ ಮುಟ್ಟಲ್ಲ.’ ಅದಕ್ಕೂ ನಿಯಮವಿದೆ. ಧರ್ಮದ ಕಾರಣಕ್ಕೆ ಸಸ್ಯಾಹಾರ ಬೇಕೆಂದವರಿಗೆ ಕೊಡಬೇಕೆಂದು ಐಸ್‌ನ ಮಾನದಂಡಗಳಲ್ಲೇ ಇದೆ. ಆದರೆ ತಟ್ಟೆ ನೋಡಿ ಸುಮ್ಮನೆ ಪಕ್ಕಕ್ಕೆ ಸರಿಸಿದರೆ ಹಸಿವಿಲ್ಲ ಎಂದುಕೊಳ್ಳುತ್ತಾರೆ. ಜೈಲಿನ ಚಾಪ್ಲಿನ್, ಅಂದರೆ ಅಲ್ಲಿನ ಧರ್ಮಾಧಿಕಾರಿಗೆ, ಚೀಟಿ ಬರೆದು ಕೊಡಬೇಕು. ಉತ್ತರ ಬರದಿದ್ದರೆ ಇನ್ನೊಂದು ಚೀಟಿ, ತಾರೀಖು ಹಾಕಿ. ಅದರ ಪ್ರತಿ ತನ್ನ ಹತ್ತಿರ ಇಟ್ಟುಕೊಳ್ಳಬೇಕು, ಕಾನ್ಸುಲೇಟಿನವರು ಭೇಟಿಗೆ ಬಂದ ದಿನ ತೋರಿಸಲು.